ದೋಣಿ ಅದೇ, ಬೆಳಕು ಬೇರೆ

ಜಪಾನಿನ ಕಲಾವಿದ ಹಿರೋಶಿ ಯೋಶಿದಾ 1926ರಲ್ಲಿ ಹಾಯಿದೋಣಿಗಳ ಚಿತ್ರವೊಂದನ್ನು ಮರದಚ್ಚುಗಳಲ್ಲಿ ಮೂಡಿಸಿದರು. ಒಂದೇ ಕಾಗದದ ಮೇಲೆ ಒಂದರ ಮೇಲೊಂದು ತೆಳು ಬಣ್ಣದ ಪದರ. ಆಮೇಲೆ ಅವೇ ಅಚ್ಚುಗಳಿಗೆ ಬೇರೆ ಬೇರೆ ಬಣ್ಣ ಸವರಿ ಒತ್ತಿದರು. ಬೆಳಗು, ಮಧ್ಯಾಹ್ನ, ಸಂಜೆ, ಮಂಜು, ರಾತ್ರಿ ಎಲ್ಲವೂ ಬಂದವು! ದೋಣಿ ಕದಲಲಿಲ್ಲ, ಬೆಳಕಷ್ಟೇ ಬದಲಾಯಿತು.

ಮಗು ಸಂಜೆಯ ಚಿತ್ರದಲ್ಲಿ ಕೆಂಪು ದಾಸವಾಳಕ್ಕೆ ಕಪ್ಪು ಬಳಿದರೆ ‘ತಪ್ಪು’ ಎಂದು ಗದರುವ ತಂದೆತಾಯಿಯರೇ, ಸ್ವಲ್ಪ ತಾಳಿ. ಮಬ್ಬುಗತ್ತಲಲ್ಲಿ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪು. ನೀಲಿ, ಹಸಿರು ಇನ್ನಷ್ಟು ಹೊತ್ತು ತಿಳಿಯಾಗಿ ಉಳಿಯುತ್ತವೆ. ಮಗು ಕಂಡದ್ದನ್ನೇ ಬರೆದಿದೆ. ನಾವು ಕಲಿತದ್ದನ್ನು ಹೇಳುತ್ತಿದ್ದೇವೆ.

ಮಕ್ಕಳೇ, ಈ ಭಾನುವಾರ ಮನೆಯೆದುರಿನ ಒಂದೇ ಗಿಡವನ್ನು ಮೂರು ಹೊತ್ತು ನೋಡಿ. ಕಂಡ ಬಣ್ಣವನ್ನೇ ಹಚ್ಚಿ. ಅಪ್ಪ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.