ಸರಕು ವಿಮಾನದ ಕ್ಯಾಪ್ಟನ್
ಪ್ರಯಾಣಿಕರಿಲ್ಲದ ವಿಮಾನ ನಡೆಸುವುದು ಸುಲಭವೆಂದು ಭಾವಿಸಬೇಡಿ. 2013ರ ಏಪ್ರಿಲ್ 29ರಂದು ಆಫ್ಘಾನಿಸ್ತಾನದ ಬಗ್ರಾಮ್‌ನಲ್ಲಿ ಬೋಯಿಂಗ್ 747 ಸರಕು ವಿಮಾನವೊಂದು ಮೇಲೇರುತ್ತಿದ್ದಾಗ, ಒಳಗೆ ಬಿಗಿದಿದ್ದ ಸೇನಾ ವಾಹನವೊಂದು ಕಳಚಿಕೊಂಡು ಹಿಂದಕ್ಕೆ ಜಾರಿತು. ಬಾಲದ ನಿಯಂತ್ರಣ ವ್ಯವಸ್ಥೆ ಮುರಿದು ವಿಮಾನ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಏಳು ಮಂದಿಯೂ ಅಸುನೀಗಿದರು.

ಆದ್ದರಿಂದ ಸರಕಿನ ತೂಕ, ಗುರುತ್ವ ಕೇಂದ್ರದ ಸ್ಥಾನ, ಕಟ್ಟುಗಳ ಬಿಗಿ, ಲಿಥಿಯಂ ಬ್ಯಾಟರಿಯಂತಹ ಅಪಾಯಕಾರಿ ವಸ್ತುಗಳ ವಿವರ ಇವೆಲ್ಲ ಸರಿಯಿವೆಯೆಂದು ಖಚಿತಪಡಿಸಿಕೊಂಡೇ ಕ್ಯಾಪ್ಟನ್ ಹೊರಡಬೇಕು. ಸಂಶಯವಿದ್ದರೆ ಹಾರಲು ನಿರಾಕರಿಸುವ ಅಧಿಕಾರವೂ ಅವರದೇ.

ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 18 ವರ್ಷ, 200 ಗಂಟೆಗಳ ಹಾರಾಟ, ಮೊದಲ ದರ್ಜೆಯ ವೈದ್ಯಕೀಯ ಅರ್ಹತೆ ಬೇಕು. ಕ್ಯಾಪ್ಟನ್ ಆಗಲು ಬೇಕಾದ ಎ.ಟಿ.ಪಿ.ಎಲ್.ಗೆ 21 ವರ್ಷ, 1500 ಗಂಟೆ. ಆಸಕ್ತ ವಿದ್ಯಾರ್ಥಿಗಳು ಗುರುತ್ವ ಕೇಂದ್ರದ ಪಾಠವನ್ನು ಈಗಲೇ ಮನಸ್ಸಿಟ್ಟು ಕಲಿಯಲಿ.