ಜೀಪು ದಾರಿಯಲ್ಲಿರಲಿ, ಪಠಾರಕ್ಕೆ ಕಾಲ್ನಡಿಗೆ ಸಾಕು

ಮಳೆಗಾಲ ಬಂತೆಂದರೆ ಮುಂಬಯಿ, ಪುಣೆಯ ಯುವಜನರ ಜೀಪುಗಳು ಸಹ್ಯಾದ್ರಿಯತ್ತ ಮುಖ ಮಾಡುತ್ತವೆ. ಕನ್ನಡ ಸಂಘಗಳ ಯುವ ವಿಭಾಗಗಳೂ ಇದಕ್ಕೆ ಹೊರತಲ್ಲ. ಕೆಸರು, ಕಲ್ಲು, ಮಂಜಿನ ನಡುವೆ ಫೋರ್ ವೀಲ್ ಡ್ರೈವ್ ಓಡಿಸುವ ಹುಮ್ಮಸ್ಸು ತಪ್ಪಲ್ಲ. ಆದರೆ ದಾರಿ ಬಿಟ್ಟು ಪಠಾರದ ಹುಲ್ಲಿನ ಮೇಲೆ ಚಕ್ರ ಹಾಯಿಸುವುದು ಖಂಡಿತ ಸಲ್ಲದು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ಗಟ್ಟಿಯಾಗಿ ಆದ ನೆಲವಿದು. ಇದೇ ಕಪ್ಪು ಕಲ್ಲು ಬೆಳಗಾವಿ, ವಿಜಯಪುರ, ಬೀದರ್‌ವರೆಗೂ ಹಬ್ಬಿದೆ. ಸಾತಾರಾ ಬಳಿಯ ಕಾಸ್ ಪಠಾರದಲ್ಲಿ ಅದರ ಮೇಲ್ಭಾಗ ಮಳೆ, ಬಿಸಿಲಿಗೆ ಸವೆದು ಮುರಕಲ್ಲಿನ ಹಾಸಾಗಿದೆ. ಕರಾವಳಿಯ ಪದವುಗಳನ್ನು ಕಂಡವರಿಗೆ ಇಂಥ ನೆಲ ಹೊಸದಲ್ಲ. ಹಲವೆಡೆ ಮಣ್ಣು ಬೆರಳಿನಷ್ಟೂ ಆಳವಿಲ್ಲ. ಆದರೂ ಕಾಸ್ ಪರಿಸರದಲ್ಲಿ 850ಕ್ಕೂ ಹೆಚ್ಚು ಜಾತಿಯ ಹೂಬಿಡುವ ಸಸ್ಯಗಳಿವೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿತ್ತು.

ಇಂಥ ನೆಲದ ಮೇಲೆ ಚಕ್ರ ಉರುಳಿದರೆ ಬೇರು ಹರಿಯುತ್ತದೆ, ಗಾಲಿಯ ಜಾಡು ಕಾಲುವೆಯಾಗುತ್ತದೆ, ಮುಂದಿನ ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಹಿಂದೆ ಬರುವ ಜೀಪು ಆ ಕೆಸರು ತಪ್ಪಿಸಲು ಪಕ್ಕಕ್ಕೆ ಹೊರಳುತ್ತದೆ. ಒಂದು ಜಾಡು ನಾಲ್ಕಾಗುತ್ತದೆ. ದನಗಳೂ ಅಲ್ಲೇ ಮೇಯುತ್ತವಲ್ಲ ಎಂದು ವಾದಿಸುವವರಿದ್ದಾರೆ. ದನ ಹೆಜ್ಜೆ ಇಟ್ಟು ಮುಂದೆ ಹೋಗುತ್ತದೆ. ಒಂದೂವರೆ ಟನ್ನಿನ ಜೀಪು ನೆಲವನ್ನು ಉದ್ದಕ್ಕೂ ಉಳುತ್ತದೆ.

ಜೀವದ ಪ್ರಶ್ನೆಯೂ ಇದೆ. ನಾಲ್ಕು ಚಕ್ರಕ್ಕೂ ಎಂಜಿನ್‌ನ ಬಲ ಸಿಕ್ಕರೆ ಗಾಡಿ ಕೆಸರಿನಿಂದ ಏಳುತ್ತದೆ ನಿಜ. ಪಾಚಿಗಟ್ಟಿದ ಬಂಡೆಯ ಮೇಲೆ ಬ್ರೇಕ್ ಹಾಕಿದಾಗ ಅದರಿಂದ ಪ್ರಯೋಜನವಿಲ್ಲ. ಮಂಜು ಕವಿದರೆ ಪಠಾರದ ಅಂಚು ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣದು.

ಜ್ವಾಲಾಮುಖಿಗಳ ನಾಡಾದ ಐಸ್‌ಲ್ಯಾಂಡಿನಲ್ಲಿ ದಾರಿ ಬಿಟ್ಟು ವಾಹನ ಓಡಿಸುವುದು ಕಾನೂನುಬಾಹಿರ. ಆದರೆ ಎತ್ತರದ ನಾಡಿನ ಒರಟು ದಾರಿಗಳು ಫೋರ್ ವೀಲ್ ಡ್ರೈವ್ ಗಾಡಿಗಳಿಗೆ ಬೇಸಿಗೆಯಲ್ಲಿ ತೆರೆದಿರುತ್ತವೆ. ಸಾಹಸಕ್ಕೂ ಅಡ್ಡಿಯಿಲ್ಲ, ನೆಲವೂ ಉಳಿಯುತ್ತದೆ. ಸಹ್ಯಾದ್ರಿಯಲ್ಲೂ ಕಚ್ಚಾ ರಸ್ತೆಗಳಿಗೆ ಬರವಿಲ್ಲ.

ಆದ್ದರಿಂದ ಸಂಘಗಳ ಪದಾಧಿಕಾರಿಗಳು ಪ್ರವಾಸದ ಸುತ್ತೋಲೆಯಲ್ಲೇ ಮೂರು ಮಾತು ಸೇರಿಸಬೇಕು: ಅರಣ್ಯ ಇಲಾಖೆಯ ಅನುಮತಿ ಇರುವ ದಾರಿಯಲ್ಲೇ ವಾಹನ, ಪಠಾರಕ್ಕೆ ಕಾಲ್ನಡಿಗೆ, ಮಂಜು ಕವಿದರೆ ವಾಪಸು. ಹೊಟ್ಟೆಪಾಡಿಗಾಗಿ ಬಂದವರಿಗೆ ನೆಲೆ ಕೊಟ್ಟ ನಾಡಿದು. ಅದರ ನೆಲವನ್ನು ಕಾಯುವುದೂ ಅದರ ಋಣ ತೀರಿಸುವ ಒಂದು ದಾರಿ.