ನಾಯಿಮರಿಯ ಕಿವಿನೋವು: ಮೊದಲು ನೋಟ, ಅನಂತರ ಮದ್ದು

ಹೊಸದಾಗಿ ಮನೆಗೆ ಬಂದ ನಾಯಿಮರಿಯು ಒಂದೆರಡು ದಿನ ಚೆನ್ನಾಗಿ ಆಡಿಕೊಂಡಿದ್ದು, ಅನಂತರ ಪದೇ ಪದೇ ತಲೆ ಕೊಡವುತ್ತ, ಹಿಂಗಾಲಿನಿಂದ ಕಿವಿಯನ್ನು ಕೆರೆದುಕೊಳ್ಳುತ್ತ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕುಂಯ್‌ಗುಟ್ಟತೊಡಗುವುದು ಅಪೂರ್ವವಾದ ಸಂಗತಿಯೇನೂ ಅಲ್ಲ. ಕಿವಿಯ ಹಾಳೆಯನ್ನು ಎತ್ತಿ ನೋಡಿದರೆ ಒಳಗೆ ಕಂದು ಇಲ್ಲವೆ ಕಪ್ಪು ಬಣ್ಣದ ಕೊಳೆ ಕಾಣುತ್ತದೆ. ಕೆಲವೊಮ್ಮೆ ದುರ್ವಾಸನೆಯೂ ಹೊಡೆಯುತ್ತದೆ. ಇಂಥ ಸಮಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದೇನು? ಹಿರಿಯರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಬಿಡಬೇಕೆನ್ನುತ್ತಾರೆ. ನೆರೆಮನೆಯವರು ತಮ್ಮ ನಾಯಿಗೆಂದು ಹಿಂದಿನ ವರ್ಷ ತಂದು ಉಳಿಸಿಕೊಂಡಿದ್ದ ಔಷಧದ ಸೀಸೆಯನ್ನು ತಂದುಕೊಡುತ್ತಾರೆ. ಔಷಧದ ಅಂಗಡಿಯಲ್ಲಿ ವಿಚಾರಿಸಿದರೆ ಮನುಷ್ಯರ ಕಿವಿಗೆ ಹಾಕುವ ಹನಿಮದ್ದೇ ದೊರೆಯುತ್ತದೆ. ಇವರೆಲ್ಲರ ಮನಸ್ಸೂ ಒಳ್ಳೆಯದೇ. ಆದರೆ ಇವರಲ್ಲಿ ಒಬ್ಬರಾದರೂ ಆ ಕಿವಿಯೊಳಗೆ ಏನಿದೆಯೆಂದು ನೋಡಿದವರಲ್ಲ.

ಕಿವಿ ಸೋರುವುದೆಂಬುದು ಒಂದು ರೋಗದ ಹೆಸರಲ್ಲ; ಅದು ಹಲವು ರೋಗಗಳ ಸಮಾನ ಚಿಹ್ನೆ. ಒಂದಕ್ಕೆ ಗುಣ ಕೊಡುವ ಮದ್ದು ಇನ್ನೊಂದಕ್ಕೆ ನಿರುಪಯೋಗಿಯಾದೀತು, ಮತ್ತೊಂದಕ್ಕೆ ಕೇಡನ್ನೇ ತಂದೀತು. ಆದುದರಿಂದ ಕಿವಿಯನ್ನು ಪರೀಕ್ಷಿಸದೆ ಒಂದು ಹನಿಯನ್ನೂ ಅದರೊಳಗೆ ಬಿಡಕೂಡದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಇದಕ್ಕೆ ಕಾರಣಗಳೇನೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ನಾಯಿಯ ಕಿವಿಯ ರಚನೆಯನ್ನು ತಿಳಿದುಕೊಳ್ಳೋಣ. ಮನುಷ್ಯನ ಕರ್ಣನಾಳ ಗಿಡ್ಡನೆಯದು. ಹೆಚ್ಚುಕಡಿಮೆ ನೇರವಾಗಿ ತಮಟೆಯ ಕಡೆಗೆ ಹೋಗುತ್ತದೆ. ನಾಯಿಯ ನಾಳವಾದರೋ ಮೊದಲು ಬಾವಿಯಂತೆ ಕೆಳಕ್ಕಿಳಿದು, ಬಳಿಕ ಸುರಂಗದಂತೆ ಅಡ್ಡಲಾಗಿ ತಿರುಗಿ ತಮಟೆಯನ್ನು ಮುಟ್ಟುತ್ತದೆ. ಈ ತಿರುವಿನಿಂದಾಗಿ ಒಳಗೆ ಸೇರಿದ ನೀರು ಸುಲಭವಾಗಿ ಹೊರಬರಲಾರದು. ಗಾಳಿಯೂ ಚೆನ್ನಾಗಿ ಆಡದು. ಕಿವಿಯ ಹಾಳೆ ಜೋತುಬಿದ್ದ ತಳಿಗಳಲ್ಲಿ ಬಾವಿಯ ಬಾಯಿಗೆ ಮುಚ್ಚಳ ಹಾಕಿದಂತೆಯೇ ಆಯಿತು. ನಮ್ಮ ನಾಡಿನ ಮುಧೋಳ ನಾಯಿಯ ಕಿವಿ ಜೋಲುಗಿವಿ. ಈಗ ನಗರಗಳಲ್ಲಿ ಹೆಚ್ಚಾಗಿ ಸಾಕುವ ಲ್ಯಾಬ್ರಡಾರ್ ಮತ್ತು ಕಾಕರ್ ಸ್ಪ್ಯಾನಿಯಲ್ ನಾಯಿಗಳ ಕಿವಿಯೂ ಅಂಥದೇ. ಮಲೆನಾಡು ಮತ್ತು ಕರಾವಳಿಗಳಲ್ಲಿ ಮಳೆಗಾಲದ ತೇವವೂ ಇದಕ್ಕೆ ಕೂಡಿಕೊಳ್ಳುತ್ತದೆ.

ಮರಿಯು ಹುಟ್ಟುವಾಗ ಅದರ ಕಣ್ಣುಗಳಂತೆ ಕಿವಿಯ ನಾಳಗಳೂ ಮುಚ್ಚಿಕೊಂಡಿರುತ್ತವೆ. ಸುಮಾರು 2 ವಾರ ಕಳೆದ ಮೇಲೆ ತೆರೆದುಕೊಳ್ಳುತ್ತವೆ. ಬೆಳೆದ ನಾಯಿಯು ಸೆಕೆಂಡಿಗೆ ಸುಮಾರು 45,000 ಕಂಪನಗಳುಳ್ಳ ಧ್ವನಿಯನ್ನು ಕೇಳಬಲ್ಲದು. ನಮ್ಮ ಕಿವಿಯ ಮೇಲಣ ಎಲ್ಲೆ ಸುಮಾರು 20,000 ಕಂಪನಗಳು ಮಾತ್ರ. ಇಷ್ಟು ಸೂಕ್ಷ್ಮವಾದ ಇಂದ್ರಿಯವನ್ನು ರಕ್ಷಿಸಿಕೊಳ್ಳಲು ಪ್ರಕೃತಿಯು ಒಂದು ಏರ್ಪಾಟನ್ನೂ ಮಾಡಿದೆ. ನಾಳದ ಒಳಚರ್ಮವು ತಮಟೆಯ ಕಡೆಯಿಂದ ಹೊರಬಾಯಿಯ ಕಡೆಗೆ ನಿಧಾನವಾಗಿ ಸರಿಯುತ್ತ, ಗುಗ್ಗೆಯನ್ನೂ ಧೂಳನ್ನೂ ತನ್ನೊಡನೆ ಹೊರಕ್ಕೆ ಒಯ್ಯುತ್ತದೆ. ಹೀಗಿರುವಲ್ಲಿ ಅರಳೆ ಸುತ್ತಿದ ಕಡ್ಡಿಯನ್ನು ಒಳಗೆ ತೂರಿಸುವವರು ಹೊರಬರುತ್ತಿದ್ದ ಕೊಳೆಯನ್ನು ತಿರುವಿನಾಚೆಗೆ ನೂಕಿ, ಶುಚಿಮಾಡಿದೆವೆಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಇನ್ನು ರೋಗಕಾರಕಗಳ ವಿಚಾರ. ಎಳೆಯ ಮರಿಗಳಲ್ಲಿ ಮೊದಲು ಸಂಶಯಿಸಬೇಕಾದುದು ಕಿವಿನುಸಿಯನ್ನು. ಇದರ ಶಾಸ್ತ್ರೀಯ ನಾಮ ಓಟೋಡೆಕ್ಟಿಸ್ ಸೈನೋಟಿಸ್. ಇದು ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ, ಬೆಳೆದ ಮೇಲೆ 8 ಕಾಲುಗಳುಳ್ಳ ಜೀವಿ. ಉದ್ದ ಅರ್ಧ ಮಿಲಿಮೀಟರನ್ನು ಮೀರದು. ಇದು ಚರ್ಮವನ್ನು ಕೊರೆದು ಒಳಗೆ ಹೋಗುವುದಿಲ್ಲ. ಮೇಲ್ಮೈಯಲ್ಲಿಯೇ ಓಡಾಡುತ್ತ ಅಲ್ಲಿನ ಹೊಟ್ಟನ್ನೂ ದ್ರವವನ್ನೂ ತಿಂದು ಬದುಕುತ್ತದೆ. ಮೊಟ್ಟೆಯು ಬೆಳೆದ ನುಸಿಯಾಗಲು ಸುಮಾರು 3 ವಾರ ಬೇಕು. ತಾಯಿಯ ಮಗ್ಗುಲಲ್ಲಿ ಮಲಗಿ ಹಾಲು ಕುಡಿಯುವಾಗಲೇ ನುಸಿಗಳು ಮರಿಯ ಕಿವಿಗೆ ದಾಟುತ್ತವೆ. ಆಗ ಕಿವಿಯಲ್ಲಿ ಕಾಫಿಯ ಚರಟದಂಥ ಕಪ್ಪು, ಒಣ ಕೊಳೆ ತುಂಬಿಕೊಳ್ಳುತ್ತದೆ, ನವೆಯಂತೂ ಅಸಹನೀಯ.

ಎಷ್ಟು ಅಸಹನೀಯವೆಂಬುದನ್ನು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ರಾಬರ್ಟ್ ಲೋಪೆಜ್ ಎಂಬ ಪಶುವೈದ್ಯರು ಸ್ವತಃ ಅನುಭವಿಸಿ ಬರೆದಿದ್ದಾರೆ. ಇದೇ ಜಾತಿಯ ನುಸಿಗಳು ಬೆಕ್ಕಿನ ಕಿವಿಯಲ್ಲಿಯೂ ವಾಸಿಸುತ್ತವೆ. ಲೋಪೆಜ್ ಅವರು ಬೆಕ್ಕಿನ ಕಿವಿಯಿಂದ ತೆಗೆದ ನುಸಿಗಳನ್ನು ತಮ್ಮ ಕಿವಿಯೊಳಗೇ ಬಿಟ್ಟುಕೊಂಡರು! ನುಸಿಗಳು ಪರಚುತ್ತ ಓಡಾಡುವ ಸದ್ದು ಅವರಿಗೆ ಕೇಳಿಸಿತು. ರಾತ್ರಿಯ ಹೊತ್ತಿನಲ್ಲಿ ನವೆ ವಿಪರೀತವಾಗಿ ನಿದ್ದೆ ಕೆಟ್ಟಿತು. ಈ ಪ್ರಯೋಗವನ್ನು ಅವರು ಒಟ್ಟು 3 ಸಲ ಮಾಡಿದರು. ಪ್ರತಿಸಲವೂ ಬಾಧೆ ಹಿಂದಿನದಕ್ಕಿಂತ ಕಡಿಮೆಯಾಗಿತ್ತು. 1993ರಲ್ಲಿ ಪ್ರಕಟವಾದ ಈ ವರದಿಗೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆಂದು ಕೊಡುವ ಇಗ್ ನೊಬೆಲ್ ಬಹುಮಾನವು 1994ರಲ್ಲಿ ದೊರೆಯಿತು. ನಾವೂ ನಗಬಹುದು, ಆದರೆ ನಕ್ಕಾದ ಮೇಲೆ, ಬಾಯಿಲ್ಲದ ಮರಿಯೊಂದು ರಾತ್ರಿಯೆಲ್ಲ ಏನನ್ನು ಸಹಿಸಿಕೊಂಡಿತೆಂಬುದನ್ನು ನೆನೆಯುವುದು ಒಳ್ಳೆಯದು. ವಿದ್ಯಾರ್ಥಿಗಳು ಈ ಪ್ರಯೋಗವನ್ನು ಅನುಕರಿಸಕೂಡದೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ರೋಗಕಾರಕವು ಮಲಸೇಸಿಯ ಪ್ಯಾಕಿಡರ್ಮಟಿಸ್ ಎಂಬ ಯೀಸ್ಟ್. ಇದನ್ನು ವೈಡ್‌ಮನ್ ಎಂಬ ವಿಜ್ಞಾನಿಯು 1925ರಲ್ಲಿ ಮೊದಲು ವರ್ಣಿಸಿದುದು ನಾಯಿಯ ಕಿವಿಯಿಂದಲ್ಲ, ಚರ್ಮರೋಗದಿಂದ ನರಳುತ್ತಿದ್ದ ಒಂದು ಭಾರತೀಯ ಘೇಂಡಾಮೃಗದ ಮೈಯಿಂದ. ದಪ್ಪ ಚರ್ಮದ ಪ್ರಾಣಿಯದೆಂಬ ಅರ್ಥದ ಹೆಸರು ಅದಕ್ಕೆ ಬಂದುದು ಹಾಗೆ. ಆರೋಗ್ಯವಂತ ನಾಯಿಯ ಕಿವಿಯಲ್ಲಿಯೂ ಇದು ಅಲ್ಪಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ತೇವವೋ ಜಿಡ್ಡೋ ಹೆಚ್ಚಾದಾಗ, ಇಲ್ಲವೆ ಒಗ್ಗದ ವಸ್ತುವಿನಿಂದ ಚರ್ಮ ಕೆರಳಿದಾಗ ಮಿತಿಮೀರಿ ಬೆಳೆಯುತ್ತದೆ. ಆಗ ಕಿವಿಯಿಂದ ಕಂದುಬಣ್ಣದ ಜಿಗುಟಾದ ದ್ರವ ಒಸರಿ ಮುಗ್ಗಲು ವಾಸನೆ ಹೊಡೆಯುತ್ತದೆ.

ಮೂರನೆಯವು ಬ್ಯಾಕ್ಟೀರಿಯಗಳು. ಸ್ಟ್ಯಾಫಿಲೊಕಾಕಸ್ ಕುಲದ ಗುಂಡನೆಯ ಬ್ಯಾಕ್ಟೀರಿಯಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಹಳೆಯದಾಗಿ ಬೇರೂರಿದ ರೋಗದಲ್ಲಿ ಸೂಡೊಮೊನಾಸ್ ಎಂಬ ಕಡ್ಡಿಯಾಕಾರದ ಬ್ಯಾಕ್ಟೀರಿಯವು ಸೇರಿಕೊಂಡು ಕೀವು ಸುರಿಯುವಂತೆ ಮಾಡುತ್ತದೆ. ಇದು ಅನೇಕ ಔಷಧಗಳಿಗೆ ಜಗ್ಗದ ಜಾತಿ. ಇವಲ್ಲದೆ ಕಿವಿಯೊಳಗೆ ಹೊಕ್ಕ ಉಣ್ಣೆಯಿಂದಲೋ ಹುಲ್ಲಿನ ಮುಳ್ಳಿನಿಂದಲೋ, ಸ್ನಾನದ ನೀರಿನಿಂದಲೋ ರೋಗಕ್ಕೆ ಹಾದಿಯಾಗಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜಾನ್ ಆಗಸ್ಟ್ ಎಂಬ ಪಶುವೈದ್ಯರು 1988ರಲ್ಲಿ ಕಿವಿರೋಗದ ಕಾರಣಗಳನ್ನು ರೋಗಕ್ಕೆ ಅನುಕೂಲ ಕಲ್ಪಿಸುವವು, ರೋಗವನ್ನು ಆರಂಭಿಸುವವು, ಆರಂಭವಾದುದನ್ನು ಮುಂದುವರಿಸುವವು ಎಂದು ವಿಂಗಡಿಸಿದರು. ಜೋಲುಗಿವಿ, ತೇವ ಇವು ಅನುಕೂಲ ಕಲ್ಪಿಸುತ್ತವೆ. ನುಸಿ, ಮುಳ್ಳು, ಒಗ್ಗದಿಕೆ ಇವು ಆರಂಭಿಸುತ್ತವೆ. ಯೀಸ್ಟು ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ಕೆಟ್ಟ ಕಿವಿಯಲ್ಲಿ ಬಿಡಾರ ಹೂಡಿ ಕೇಡನ್ನು ಮುಂದುವರಿಸುತ್ತವೆ. ಬ್ಯಾಕ್ಟೀರಿಯವನ್ನಷ್ಟೆ ಕೊಂದು ನುಸಿಯನ್ನು ಉಳಿಸಿದರೆ ತಿಂಗಳೊಪ್ಪತ್ತಿನಲ್ಲಿ ರೋಗ ಮರುಕಳಿಸುವುದು ಸಹಜ. ಮದ್ದು ಹಾಕಿದರೂ ವಾಸಿಯಾಗಲಿಲ್ಲವೆಂದು ಗೊಣಗುವವರಲ್ಲಿ ಹಲವರು ಮದ್ದನ್ನು ಹಾಕಿದುದು ರೋಗದ ಬೇರಿಗಲ್ಲ, ಅದರ ರೆಂಬೆಗೆ.

ಈಗ ಮನೆಮದ್ದಿನ ವಿಚಾರಕ್ಕೆ ಬರೋಣ. ಎಣ್ಣೆಯ ಪದ್ಧತಿಯನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎಣ್ಣೆಯು ಗಟ್ಟಿಯಾದ ಗುಗ್ಗೆಯನ್ನು ಮೆತ್ತಗಾಗಿಸುತ್ತದೆ. ನುಸಿಗಳನ್ನು ಉಸಿರುಕಟ್ಟಿಸಿ ಕೆಲಮಟ್ಟಿಗೆ ಕೊಲ್ಲುವುದೂ ಉಂಟು. ಹಿಂದೆ ಯಾರಿಗೋ ಗುಣ ಕಂಡದ್ದರಿಂದಲೇ ಈ ಪದ್ಧತಿ ಉಳಿದುಬಂದಿರಬೇಕು. ಆದರೆ ಆ ಕಿವಿಯಲ್ಲಿದ್ದುದು ಜಿಡ್ಡನ್ನೇ ಮೆಚ್ಚುವ ಯೀಸ್ಟಾಗಿದ್ದರೆ? ಎಣ್ಣೆಯು ನಾಳದಲ್ಲಿ ನಿಂತು ತೇವವನ್ನು ಹಿಡಿದಿಟ್ಟು, ವೈರಿಗೆ ಉಣಬಡಿಸಿದಂತಾಗುತ್ತದೆ. ಬಿಸಿಯೆಣ್ಣೆಯಿಂದ ಎಳೆಯ ಚರ್ಮ ಸುಡಬಹುದು. ಹಸಿಬೆಳ್ಳುಳ್ಳಿಯ ರಸವು ಹುಣ್ಣಾದ ಚರ್ಮವನ್ನು ಇನ್ನಷ್ಟು ಕೆರಳಿಸೀತು.

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ರೋಗ ಬಲಿತಾಗ ತಮಟೆಯು ತೂತಾಗಿರಬಹುದು. ಆಗ ಹೊರಗಿನಿಂದ ಬಿಟ್ಟದ್ದೆಲ್ಲವೂ ನಡುಗಿವಿಗೆ ಇಳಿಯುತ್ತದೆ. ಅಲ್ಲಿಂದ ಒಳಗಿವಿಯನ್ನೂ ತಾಕಬಹುದು. ಕಿವಿಯ ಹನಿಮದ್ದುಗಳಲ್ಲಿ ಬಳಸುವ ಜೆಂಟಮೈಸಿನ್‌ನಂಥ ಔಷಧಗಳು ಒಳಗಿವಿಯ ಕೋಮಲವಾದ ಕೋಶಗಳಿಗೆ ವಿಷಪ್ರಾಯ. ಒಮ್ಮೆ ನಾಶವಾದ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಮರಿಯು ಬಾಳಿನುದ್ದಕ್ಕೂ ಕಿವುಡಾಗಿ ಉಳಿಯಬೇಕಾದೀತು. ಶರೀರದ ಸಮತೋಲವನ್ನು ಕಾಯುವ ಅಂಗವೂ ಒಳಗಿವಿಯಲ್ಲಿಯೇ ಇರುವುದರಿಂದ, ಅದು ಕೆಟ್ಟರೆ ಮರಿಯು ತಲೆಯನ್ನು ಓರೆಮಾಡಿಕೊಂಡು ಸುತ್ತುಹಾಕುತ್ತದೆ, ನಿಲ್ಲಲಾರದೆ ಬೀಳುತ್ತದೆ. ತಮಟೆ ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ದೀಪವುಳ್ಳ ಕರ್ಣದರ್ಶಕದಿಂದ ನೋಡಿ ತಿಳಿಯಬೇಕೇ ಹೊರತು ಊಹೆಯಿಂದಲ್ಲ.

ಉಳಿದ ಸೀಸೆಯ ಮದ್ದನ್ನು ಎರಡು ದಿನ ಹಾಕಿ, ನವೆ ತಗ್ಗಿದೊಡನೆ ನಿಲ್ಲಿಸುವ ರೂಢಿಯೂ ಕೆಡುಕಿನದೇ. ದುರ್ಬಲವಾದ ಬ್ಯಾಕ್ಟೀರಿಯಗಳು ಸತ್ತು, ಮದ್ದನ್ನು ತಾಳಿಕೊಳ್ಳಬಲ್ಲವು ಉಳಿದು ವೃದ್ಧಿಯಾಗುತ್ತವೆ. ಅಳತೆ ಮೀರಿ ಕಡಿಮೆಯಾದ ಪೆನಿಸಿಲಿನ್ ಬಳಕೆಯಿಂದ ಇಂಥ ಅನರ್ಥ ಒದಗೀತೆಂದು ಅಲೆಗ್ಸಾಂಡರ್ ಫ್ಲೆಮಿಂಗ್ 1945ರಷ್ಟು ಹಿಂದೆಯೇ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ನಾಯಿಯ ಕಿವಿಯಲ್ಲಿ ಹುಟ್ಟಿದ ಔಷಧನಿರೋಧಕ ಬ್ಯಾಕ್ಟೀರಿಯವು ನಾಯಿಯಲ್ಲಿಯೇ ನಿಲ್ಲಬೇಕೆಂಬ ನಿಯಮವೇನೂ ಇಲ್ಲ. ಅದರ ತಲೆಯನ್ನು ಸವರುವ ಕೈ ನಮ್ಮದೇ ಅಲ್ಲವೆ?

ನುಸಿಗಳಿಗೆ ಐವರ್ಮೆಕ್ಟಿನ್ ಒಳ್ಳೆಯ ಮದ್ದೆಂದು ಕೇಳಿ, ದನಕರುಗಳಿಗೆಂದು ತಂದುದನ್ನೇ ಮರಿಗೆ ಅಂದಾಜಿನಲ್ಲಿ ಕೊಡುವುದೂ ಸಾಹಸವೇ. ಇದರ ಮೂಲವಸ್ತುವನ್ನು ಕಂಡುಹಿಡಿದುದಕ್ಕಾಗಿ ಸತೋಷಿ ಓಮುರ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನ ಸಂದಿತು. ಆದರೂ ಕಾಲಿ ಮೊದಲಾದ ಕೆಲವು ತಳಿಗಳಲ್ಲಿ, ಮದ್ದು ಮಿದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆ ವಂಶವಾಹಿಯೊಂದರ ದೋಷದಿಂದ ಕುಂದಿರುತ್ತದೆ. ಅಂಥವಕ್ಕೆ ಇದು ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಯಾವ ಮದ್ದು, ಎಷ್ಟು ವಯಸ್ಸಿಗೆ, ಎಷ್ಟು ತೂಕಕ್ಕೆ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು.

ಇಷ್ಟಕ್ಕೆಲ್ಲ ದೊಡ್ಡ ಊರಿಗೇ ಹೋಗಬೇಕಲ್ಲವೆ, ಖರ್ಚೂ ಹೆಚ್ಚಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಹಳ್ಳಿಯಿಂದ ಮರಿಯನ್ನೆತ್ತಿಕೊಂಡು ಹೋಗುವುದು ಸುಲಭವಲ್ಲ. ಆದರೆ ತಾಲ್ಲೂಕಿನ ಸರ್ಕಾರಿ ಪಶುವೈದ್ಯ ಆಸ್ಪತ್ರೆಗಳು ದನಕರುಗಳಿಗೆ ಮಾತ್ರ ಮೀಸಲಲ್ಲ. ಬೇಕಾದ ಪರೀಕ್ಷೆಯೂ ಆಡಂಬರದ್ದಲ್ಲ. ಅರಳೆಗೆ ಅಂಟಿದ ಕೊಳೆಯನ್ನು ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ಎಣ್ಣೆಯೊಡನೆ ಕಲಸಿ, ಸಾಧಾರಣ ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯಲ್ಲಿ ನೋಡಿದರೂ ನುಸಿ ಓಡಾಡುವುದು ಕಾಣುತ್ತದೆ. ಇನ್ನೊಂದು ಪಟ್ಟಿಗೆ ಬಣ್ಣಹಾಕಿ ಹೆಚ್ಚಿನ ಶಕ್ತಿಯಲ್ಲಿ ನೋಡಿದರೆ ಕಡಲೆಕಾಯಿಯಾಕಾರದ ಯೀಸ್ಟು, ಗುಂಡು ಇಲ್ಲವೆ ಕಡ್ಡಿಯಾಕಾರದ ಬ್ಯಾಕ್ಟೀರಿಯ ಇವು ಬೇರೆಬೇರೆಯಾಗಿ ಗೋಚರಿಸುತ್ತವೆ. ಕೆಲವು ನಿಮಿಷಗಳ ಈ ಕೆಲಸವನ್ನು ಬಿಟ್ಟು ತಿಂಗಳುಗಟ್ಟಲೆ ತಪ್ಪು ಮದ್ದಿಗೆ ಹಣ ಸುರಿಯುವುದೇ ಹೆಚ್ಚಿನ ಖರ್ಚು. ಇಂಥ ಪರೀಕ್ಷೆಯು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ತಪ್ಪದೆ ನಡೆಯಬೇಕೆಂದು ಜನರು ಕೇಳಬೇಕು. ಕೇಳುವವರಿದ್ದರೆ ಮಾಡುವವರೂ ಇರುತ್ತಾರೆ.

ಹಾಗಾದರೆ ಮನೆಯವರ ಕರ್ತವ್ಯವೇನು? ವಾರಕ್ಕೊಮ್ಮೆ ಬೆಳಕಿನಲ್ಲಿ ಕಿವಿಯನ್ನು ಎತ್ತಿ ನೋಡುವುದು, ಮೂಸುವುದು. ಸ್ವಲ್ಪ ತಿಳಿಗಂದು ಗುಗ್ಗೆ ಇರುವುದು ಸ್ವಾಭಾವಿಕ. ಅದಕ್ಕೆ ಚಿಕಿತ್ಸೆ ಬೇಡ. ಸ್ನಾನವಾದ ಮೇಲೆ ಹಾಳೆಯ ಒಳಭಾಗವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸುವುದು, ಕಣ್ಣಿಗೆ ಕಾಣುವಷ್ಟು ಭಾಗವನ್ನು ಮಾತ್ರ. ಕೆಂಪು, ಬಾವು, ವಾಸನೆ, ಕೀವು, ತಲೆಯ ಓರೆ ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯುವುದು. ನುಸಿಯೆಂದು ತಿಳಿದುಬಂದರೆ ಮನೆಯ ಇತರ ನಾಯಿಬೆಕ್ಕುಗಳಿಗೂ ಏಕಕಾಲದಲ್ಲಿ ಚಿಕಿತ್ಸೆ ಮಾಡಿಸುವುದು; ಮೊಟ್ಟೆಗಳಿಂದ ಹೊಸ ಪೀಳಿಗೆ ಬೆಳೆದು ನಿಲ್ಲಲು ಸುಮಾರು 3 ವಾರ ಬೇಕಾಗುವುದರಿಂದ ಹೇಳಿದಷ್ಟು ದಿನವೂ ಮದ್ದನ್ನು ಮುಂದುವರಿಸಿ, ಕೊನೆಯಲ್ಲಿ ಮತ್ತೊಮ್ಮೆ ತೋರಿಸುವುದು. ನೋಯುವ ಕಿವಿಯನ್ನು ಮುಟ್ಟಿದಾಗ ಸಾಧುವಾದ ಮರಿಯೂ ಕಚ್ಚೀತು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ಚೆನ್ನಾಗಿ ತೊಳೆದು, ಹುಚ್ಚುನಾಯಿ ರೋಗದ ಲಸಿಕೆಯ ಬಗೆಗೆ ಕೂಡಲೆ ವೈದ್ಯರನ್ನು ಕಾಣಬೇಕು, ಮರಿಯೆಂದು ಉಪೇಕ್ಷಿಸಕೂಡದು.

ಬೀದಿಯಲ್ಲಿ ನಡುಗುತ್ತಿದ್ದ ಮರಿಯನ್ನು ಮನೆಗೆ ಕರೆತರುವವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು. ಆ ದಯೆಯು ಪ್ರಶಂಸನೀಯವಾದುದು. ಆದರೆ ಎಣ್ಣೆಯ ಬಟ್ಟಲನ್ನು ಹಿಡಿದ ಹಿರಿಯರಲ್ಲಿಯೂ ಇದ್ದುದು ದಯೆಯೇ. ರೋಗಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದಾಗ ದಯೆಯೊಂದೇ ಸಾಲದು. ಅದರ ಪರವಾಗಿ ನೋಡುವ ಕಣ್ಣೂ ಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿ ಈರುಳ್ಳಿಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ವಿದ್ಯಾರ್ಥಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಮುಂದಿನ ಸಲ ಯಾರಾದರೂ ಹನಿಮದ್ದಿನ ಸೀಸೆಯ ಮುಚ್ಚಳವನ್ನು ತಿರುಗಿಸಲು ಹೊರಟಾಗ, "ಕಿವಿಯೊಳಗೆ ಏನಿದೆಯೆಂದು ಯಾರಾದರೂ ನೋಡಿದಿರಾ?" ಎಂದು ವಿನಯದಿಂದ ಕೇಳುವ ಹೊಣೆಯನ್ನು ಅವರು ಹೊರಲೆಂದು ನಮ್ಮ ಆಶಯ.